ಮಂಜುಳಾ ಚೀಟಿ ಮಾಡಿಸಿಕೊಂಡೇ ಹೋಗಲಿ

ರಾಯಚೂರು
೧೧ ಫೆಬ್ರವರಿ ೨೦೨೫, ಮಂಗಳವಾರ

ಅವ್ವಾ,

ಮೊದಲು ಇಷ್ಟು ಓದಿಕೋ: ಕೂಸು ಆರಾಮ ಇದೆ, ನಾನೂ ಆರಾಮ, ನಿನ್ನ ಅಳಿಯ ಅಮರೇಶನೂ ಆರಾಮ. ಅಂಚೆಯವನು ಕಾಗದ ಕೊಟ್ಟ ಕೂಡಲೇ ನಿನ್ನ ಎದೆ ಧಸ್ ಅಂದಿರುತ್ತದೆ, ಅದಕ್ಕೇ ಇದನ್ನು ಎಲ್ಲಕ್ಕಿಂತ ಮೇಲೆ ಬರೆದೆ. ಈಗ ಕಟ್ಟೆಗೆ ಕೂತು ಉಳಿದದ್ದು ಓದು.

ಎಂದೋ ಬರೆಯಬೇಕಾಗಿದ್ದ ಕಾಗದ ಇದು. ತಡ ಮಾಡಿದ್ದಕ್ಕೆ ಕೆಲಸ ಇತ್ತು, ಕೂಸು ಬಿಡಲಿಲ್ಲ ಅಂತೆಲ್ಲ ಹೇಳಬಹುದು. ಅದು ಖರೆ ಅಲ್ಲ. ಫೋನಿನಲ್ಲಿ ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದೆ. ನೀನು "ಊಟ ಆತೇನವ್ವ, ಕೂಸು ಹಾಲು ಕುಡೀತೇನು" ಅಂತ ಕೇಳುತ್ತಿ, ನಾನು "ಹ್ಞೂಂ" ಅನ್ನುತ್ತೇನೆ, ಆಮೇಲೆ ಇಬ್ಬರೂ ಇಟ್ಟುಬಿಡುತ್ತೇವೆ. ಸಂಕ್ರಾಂತಿ ಆದಾಗಿಂದ ನಮ್ಮ ಮಾತು ಇಷ್ಟೇ ಆಗಿದೆ.

ಇದನ್ನು ತಮ್ಮ ವಿನೋದನ ಕೈಗೆ ಕೊಟ್ಟು ಓದಿಸಬೇಡ. ಅವನು ನಡುವೆ ನಿಲ್ಲಿಸಿ "ಅಕ್ಕ ಹಿಂಗ್ಯಾಕ ಬರದಾಳ" ಅಂತ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ನೀನೇ ಓದು. ನಾಲ್ಕನೇ ಇಯತ್ತೆ ತನಕ ಕಲಿತವಳು ನೀನು, ಬೆರಳಿಟ್ಟು ಓದಿದರೆ ಎಲ್ಲ ಬರುತ್ತದೆ. ಸಂಜೆ ಮೆಣಸಿನಕಾಯಿ ಬಿಡಿಸಿ ಬಂದ ಕೈಯನ್ನು ಚೆನ್ನಾಗಿ ತೊಳೆದುಕೊಂಡು ಕೂಡು, ಇಲ್ಲದಿದ್ದರೆ ಕಣ್ಣು ಒರೆಸಿಕೊಂಡಾಗ ಉರಿದೀತು.

ಕೂಸಿನ ಸುದ್ದಿ ಹೇಳುತ್ತೇನೆ. ಕಲ್ಯಾಣಿ ಈಗ ಅಂಬೆಗಾಲು ಇಡುತ್ತಾಳೆ, ಮುಂದೆ ಹೋಗಲು ಹೋಗಿ ಹಿಂದಕ್ಕೇ ಸರಿದು ಆಮೆಯ ಹಾಗೆ ಒದ್ದಾಡುತ್ತಾಳೆ. ರಾತ್ರಿ ಮಾತ್ರ ನಿದ್ದೆ ಇಲ್ಲ. ಅವಳು ಮಲಗಿದರೂ ನನಗಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಬರುತ್ತಿದೆಯೋ ಇಲ್ಲವೋ ಅಂತ ನೋಡುತ್ತಲೇ ಇರುತ್ತೇನೆ. ನಮ್ಮ ಅತ್ತೆ ಗೋಪಮ್ಮ ಪೋತ್ನಾಳದಿಂದ ಬಂದು ನಮ್ಮ ಜೋಡಿಯೇ ಇದ್ದಾರೆ, ಹಗಲು ಕೂಸನ್ನು ಅವರೇ ನೋಡಿಕೊಳ್ಳುತ್ತಾರೆ. "ಏ ನರ್ಸಮ್ಮ, ಉಸಿರು ಅದ. ನೀ ಹಿಂಗ ಮುಟ್ಟಿ ಮುಟ್ಟಿ ನೋಡಿದ್ರ ಅದು ಹೆದರಿ ನಿಂದರಸೀತು" ಅಂತ ಬೈಯುತ್ತಾರೆ. ಬೈದರೂ ಅವರ ಕೈ ಮೆತ್ತಗೆ.

ಈಗ ಹೇಳಿಬಿಡುತ್ತೇನೆ. ಅವ್ವಾ, ನಾನು ದವಾಖಾನೆ ಬಿಟ್ಟಿದ್ದೇನೆ. ದಸರೆಗಿಂತ ಮೊದಲೇ ಬಿಟ್ಟೆ. ನಾನೀಗ ಒಬ್ಬರ ಮನೆಗೆ ಹೋಗಿ ಅವರ ರೋಗಿಯನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ.

ಓದುವುದು ನಿಲ್ಲಿಸಬೇಡ. ಯಾಕೆ ಬಿಟ್ಟೆ ಅಂತ ಕೇಳು.

ಕೂಸು ಹುಟ್ಟಿ ನಾನು ತಿರುಗಿ ಡ್ಯೂಟಿಗೆ ಹೋದಾಗ ರಾತ್ರಿ ಪಾಳಿಗೇ ಹಾಕಿದರು. ಅಮರೇಶನದೂ ಶಕ್ತಿನಗರದಲ್ಲಿ ಪಾಳಿ ಕೆಲಸ. ಅವನೂ ರಾತ್ರಿ, ನಾನೂ ರಾತ್ರಿ. ಅತ್ತೆ ಆಗ ಇನ್ನೂ ಬಂದಿರಲಿಲ್ಲ, ಕೂಸನ್ನು ಪಕ್ಕದ ಮನೆಯವರ ಹತ್ತಿರ ಮಲಗಿಸಿ ಹೋಗುತ್ತಿದ್ದೆ. ಹಗಲು ಡ್ಯೂಟಿ ಕೊಡಿರಿ ಅಂತ ಹೋಗಿ ಕೇಳಿದರೆ, "ಎಲ್ಲಾರಿಗೂ ಕೂಸು ಅದಾವಮ್ಮ, ನಿನಗೊಬ್ಬಾಕಿಗೆ ಏನ" ಅಂದರು. ವಾರ್ಡಿನಲ್ಲಿ ನಿಂತಲ್ಲೇ ಜೋಂಪು ಹತ್ತುತ್ತಿತ್ತು. ಒಂದು ಮುಂಜಾನೆ ಎದುರಿನ ಮಂಚದವನಿಗೆ ಹಾಕುವ ಸಲೈನ್ ಬಾಟಲಿಯನ್ನು ಈ ಮಂಚದವನ ಕಂಬಕ್ಕೆ ತೂಗುಹಾಕಿದ್ದೆ. ಸೂಜಿಗೆ ಜೋಡಿಸುವ ಮೊದಲೇ ಕಂಡಿತು, ಏನೂ ಆಗಲಿಲ್ಲ. ಆದರೆ ಆ ದಿನವೆಲ್ಲ ಒಂದೊಂದು ಬಾಟಲಿಯ ಹೆಸರನ್ನೂ ಮೂರು ಮೂರು ಸಲ ಓದಿದೆ. ನಾನು ಬಿಟ್ಟದ್ದು ಆ ಹೆದರಿಕೆಗೆ.

ಅದೇ ವಾರ ನಮ್ಮ ವಾರ್ಡಿನಿಂದ ಬಡೇಬೀ ಅಂತ ಒಬ್ಬರನ್ನು ಮನೆಗೆ ಕಳಿಸುವುದಿತ್ತು. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಅವರ ಮಗ ಮತೀನ್ ಅವರದು ಟೈರಿನ ಅಂಗಡಿ, ಮನೆ ಕೋಟೆಯ ಒಳಗಿನ ಅಂದ್ರೂನ್ ಕಿಲ್ಲಾದಲ್ಲಿ. "ಸಿಸ್ಟರ್, ಹಗಲಿನಷ್ಟು ಹೊತ್ತು ಮನಿಗೆ ಬಂದು ನಮ್ಮಮ್ಮನ್ನ ನೋಡ್ಕೋತೀರೇನ್ರಿ" ಅಂತ ಅವರೇ ಕೇಳಿದರು. ರಾತ್ರಿ ಕೂಸಿನ ಹತ್ತಿರ ಇರಬಹುದು ಅನ್ನುವುದೊಂದೇ ಕಿವಿಗೆ ಬಿತ್ತು. ಒಪ್ಪಿಕೊಂಡೆ. ಒಪ್ಪಿಕೊಂಡು ಹೊರಗೆ ಬಂದಮೇಲೆ ನೀನು ನೆನಪಾದಿ.

ದೇವದುರ್ಗದ ದೊಡ್ಡ ಮನೆಗಳಿಗೆ ನೀನು ಬಾಣಂತಿಗೆ, ಕೂಸಿಗೆ ಎರೆಯಲು ಹೋಗುವಾಗ ನಾನು ನಿನ್ನ ಸೆರಗು ಹಿಡಿದು ಬರುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಒಳಗೆ, ಹಿತ್ತಲ ಬಾಗಿಲಿನಿಂದ ಹೊರಗೆ. ಅವರ ಕೂಸಿನ ಮೈಯಲ್ಲೆಲ್ಲ ನಿನ್ನ ಕೈ ಆಡಬಹುದಿತ್ತು, ಎರೆದು ಮುಗಿದ ಮೇಲೆ ಮಾತ್ರ ನಿನ್ನ ಚಹಾದ ಲೋಟ ಬೇರೆ. ನೀನು ಅದರ ಬಗ್ಗೆ ಒಂದು ದಿನವೂ ನನ್ನ ಮುಂದೆ ಮಾತಾಡಲಿಲ್ಲ. ನರ್ಸಿಂಗ್ ಸೀಟು ಸಿಕ್ಕ ದಿನ ಓಣಿಯವರ ಮುಂದೆ ಒಂದೇ ಮಾತು ಹೇಳಿದಿ. "ನನ್ನ ಮಗಳು ಯಾರ ಮನಿ ಬಾಗಲಕ್ಕೂ ಹೋಗಂಗಿಲ್ಲ. ಮಂದೀನ ಆಕಿ ಬಾಗಲಕ್ಕ ಬರಬೇಕು."

ಮಂದಿ ಬಂದರು ಕೂಡ. ನಮ್ಮ ಓಣಿಯಲ್ಲಿ ಯಾರಿಗೆ ಜ್ವರ ಬರಲಿ, ಯಾರಿಗೆ ಹೆರಿಗೆ ಇರಲಿ, ನೀನು ರಾಯಚೂರಿನ ಬಸ್ಸು ಹತ್ತಿಸಿ "ಚೀಟಿ ಗೀಟಿ ಏನೂ ಮಾಡಸಬ್ಯಾಡ, ಮೆಟ್ಟಲ ಮ್ಯಾಲ ಕುಂತು ನನ್ನ ಮಗಳಿಗೆ ಫೋನ್ ಮಾಡು, ಆಕೀನ ಬಂದು ಒಳಗ ಕರಕೊಂಡು ಹೋಗ್ತಾಳ" ಅಂತ ಕಳಿಸುತ್ತಿದ್ದಿ. ನಾನು ಬಿಳಿ ಕೋಟಿನಲ್ಲಿ ಹೊರಗೆ ಬರುತ್ತಿದ್ದೆ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ ನಮ್ಮವರನ್ನು ಹೆಸರು ಹಿಡಿದು ಕರೆದು ಡಾಕ್ಟರ ಮುಂದೆ ಕೂಡಿಸುತ್ತಿದ್ದೆ. ಊರಿಗೆ ಹೋದಮೇಲೆ ಅವರು ನಿನ್ನ ಮುಂದೆ ಹೇಳುತ್ತಿದ್ದರು, ನೀನು ನನಗೆ ಫೋನಿನಲ್ಲಿ ಹೇಳುತ್ತಿದ್ದಿ. ಆ ಮಾತು ಹೇಳುವಾಗಿನ ನಿನ್ನ ದನಿಯನ್ನು ಕಳೆಯಲು ನನಗೆ ಧೈರ್ಯ ಆಗಲಿಲ್ಲ. ಅದಕ್ಕೆ ಬಿಟ್ಟದ್ದನ್ನು ಹೇಳಲಿಲ್ಲ.

ಬಡೇಬೀ ಅವರ ಮನೆ ಅಂದರೆ ನೀನು ಮೊದಲು ಕೇಳುವುದು ಲೋಟದ ಮಾತನ್ನೇ. ಮುಂದಿನ ಬಾಗಿಲಿನಿಂದಲೇ ಹೋಗುತ್ತೇನೆ. ಮತೀನ್ ಅವರ ಹೆಂಡತಿ ತನ್ನ ತಾಟಿನ ಪಕ್ಕದಲ್ಲೇ ನನ್ನ ತಾಟು ಇಡುತ್ತಾರೆ. ಅವರು ಅವಮಾನ ಮಾಡಿದ್ದರೆ ಒಳ್ಳೆಯದಿತ್ತೇನೋ, ನಿನ್ನ ಮುಂದೆ ಅತ್ತು ಹೇಳಲು ನನಗೊಂದು ನೆಪ ಸಿಗುತ್ತಿತ್ತು. ಅವರದೇನೂ ತಪ್ಪಿಲ್ಲ. ಈ ನಾಚಿಕೆ ನನ್ನದೇ, ನಾನೇ ಹೊತ್ತುಕೊಂಡು ಅವರ ಮನೆಗೆ ಹೋಗುತ್ತೇನೆ, ಹೊತ್ತುಕೊಂಡು ಬರುತ್ತೇನೆ.

ದವಾಖಾನೆಯಲ್ಲಿ ರೋಗಿ ನಮ್ಮ ಮಂಚದಲ್ಲಿ ಮಲಗಿರುತ್ತಾನೆ, ನಾವು ಹೇಳಿದಂತೆ ಕೇಳುತ್ತಾನೆ. ಮೈ ಒರೆಸಲು, ಬಟ್ಟೆ ಬದಲಿಸಲು ಆಯಾ ಇರುತ್ತಾಳೆ. ನಾನು ಟ್ರೇ ಹಿಡಿದು ಬಂದು ಸೂಜಿ ಚುಚ್ಚಿ ಹೋಗುವವಳು. ಇಲ್ಲಿ ಎಲ್ಲ ನಾನೇ. ಹೊರಳಿಸಬೇಕು, ಬೆನ್ನು ಒರೆಸಬೇಕು, ಹುಣ್ಣಾಗದ ಹಾಗೆ ನೋಡಿಕೊಳ್ಳಬೇಕು, ಮೂತ್ರದ ಪೈಪಿನ ಚೀಲ ಖಾಲಿ ಮಾಡಬೇಕು, ಗಂಜಿ ಕುಡಿಸಿ ಬಾಯಿ ತೊಳೆಯಬೇಕು. ಮೊದಲ ದಿನ ಬಚ್ಚಲಲ್ಲಿ ಕೈ ತೊಳೆಯುತ್ತಾ ಬಹಳ ಹೊತ್ತು ನಿಂತೆ. ಆ ಮುದುಕಿಗೆ ಗೊತ್ತಾಗಿಬಿಟ್ಟಿತು. ಬಾಯಿ ಒಂದು ಕಡೆ ಸೊಟ್ಟ ಆಗಿದ್ದರೂ ಮಾತಿಗೇನೂ ಕಡಿಮೆ ಇಲ್ಲ ಅವರಿಗೆ.

"ಏ ಬೇಟಿ, ನೀರು ತೀರಸ್ತಿ ಏನ? ದವಾಖಾನ್ಯಾಗ ನೀ ಎಷ್ಟು ಜೋರಿದ್ದಿ. 'ಕೈ ಚಾಚಬೇ' ಅಂದಿ, ಚುಚ್ಚಿದಿ, ಹೋದಿ. ನನ್ನ ಮುಖಾನೂ ನೋಡತಿದ್ದಿಲ್ಲ."

"ಅಲ್ಲಿ ನಿಮ್ಮಂಥೋರು ಮೂವತ್ತು ಮಂದಿ ಇರ್ತಿದ್ರು ಅಮ್ಮ."

"ಈಗ ಒಬ್ಬಾಕೀನ ಅದೀನಿ. ನೋಡು, ಚಂದ ಅದೀನೇನು?"

ನಗು ಬಂತು. ಖರೆ ಹೇಳಬೇಕಂದರೆ ಈ ಕೆಲಸ ನನಗೆ ಒಗ್ಗಿದೆ. ಬಿದ್ದ ಕೈಯ ಬೆರಳು ಒಂದು ಮುಂಜಾನೆ ನನ್ನ ಕೈಯಲ್ಲಿ ಅಲುಗಾಡಿದಾಗ ನಾವಿಬ್ಬರೂ ಕೂಡಿ ಅತ್ತೆವು. ಓದಿದ ವಿದ್ಯೆ ಉಪಯೋಗಕ್ಕೆ ಬಂತು ಅಂತ ನನಗೆ ಅನ್ನಿಸಿದ್ದು ಆ ದಿನವೇ. ಅದನ್ನು ನಿನಗೆ ಹೇಳಬೇಕು ಅಂತ ಫೋನು ತೆಗೆದು, ಮತ್ತೆ ಇಟ್ಟೆ.

ಆದರೆ ಒಂದು ದಿನ ಅವರ ಬೀಗರು ಬಂದಿದ್ದರು. ನನ್ನನ್ನು ನೋಡಿ "ಕೆಲಸದಾಕಿ ಛಲೋ ಸಿಕ್ಕಾಳಲ್ಲ" ಅಂದರು. ಮತೀನ್ ಅವರು ಕೂಡಲೇ "ಕೆಲಸದಾಕಿ ಅಲ್ರಿ, ಸಿಸ್ಟರ್ ಅದಾರ" ಅಂದರು. ಬೀಗರು ತಪ್ಪಾಯಿತು ಅಂದರು. ನನಗೆ ಮಾತ್ರ ಸಂಜೆತನಕ ಕಿವಿ ಬಿಸಿ. ಮನೆಗೆ ಬರುವಾಗ ಆಟೋದಲ್ಲಿ ಹೊಳೆಯಿತು. ನನ್ನ ಅವ್ವನನ್ನು ಜನ್ಮವೆಲ್ಲ ಕರೆದ ಹೆಸರಿನಿಂದ ನನ್ನನ್ನು ಒಂದು ಸಲ ಕರೆದದ್ದಕ್ಕೆ ನನಗೆ ಇಷ್ಟು ಉರಿಯುತ್ತದೆ ಅಂದರೆ ನಾನು ಎಂಥವಳು.

ವಿಡಿಯೋ ಕಾಲಿನ ಸಂಗತಿಯನ್ನೂ ಹೇಳಬೇಕು. ನೀನು ವಿನೋದನ ಫೋನಿನಿಂದ ಮಾಡಿಸಿ, ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು "ಕೋಟಿನ್ಯಾಗ ತೋರಿಸವ್ವ" ಅನ್ನುತ್ತಿದ್ದೆಯಲ್ಲ. ಆ ಕೋಟನ್ನು ನಾನು ಚೀಲದಲ್ಲಿ ಮಡಚಿಟ್ಟುಕೊಂಡೇ ಬಡೇಬೀ ಅವರ ಮನೆಗೆ ಹೋಗುತ್ತಿದ್ದೆ. ನಿನ್ನ ಕಾಲ್ ಬಂದರೆ ಹಾಕಿಕೊಂಡು, ಅವರ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲಿ ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ. ಬಡೇಬೀ ನೋಡೀ ನೋಡೀ ಒಂದು ದಿನ ಕೇಳಿದರು, "ಯಾರಿಗೆ ಇದು ವೇಷ?" ನಮ್ಮವ್ವಗೆ ಅಂದೆ. "ಹಂಗಾದ್ರ ಪೇಶಂಟು ಬ್ಯಾಡೇನು" ಅಂತ ಅಂದು, ಮುಂದಿನ ಸಲ ನೀನು ಕಾಲ್ ಮಾಡಿದಾಗ ಹಿಂದಿನಿಂದ "ಯಾ ಅಲ್ಲಾ, ಸಿಸ್ಟರ್, ಸಿಸ್ಟರ್" ಅಂತ ನರಳಿದರು. ನೀನು ಗಾಬರಿಯಾಗಿ "ಹೋಗವ್ವ, ಪಾಪ ಯಾರೋ ಒದರಾಕತ್ತಾರ, ನೋಡಹೋಗು" ಅಂದು ಇಟ್ಟಿ. ಇಬ್ಬರೂ ನಕ್ಕೆವು. ನಕ್ಕು ಮುಗಿದಮೇಲೆ ಕೋಟು ಬಿಚ್ಚಿ ಚೀಲದ ತಳಕ್ಕೆ ತುರುಕಿದೆ. ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ಆ ಆಟ ಅವರು ಆಡಲಿಲ್ಲ.

ಈಗ ಆದೆಪ್ಪ ಕಾಕಾನ ಮಾತು. ಸಕ್ಕರೆ ಕಾಯಿಲೆಯ ಕಾಲು, ಹುಣ್ಣು ಮಾಯುತ್ತಿಲ್ಲ ಅಂತ ಸಂಕ್ರಾಂತಿಯ ಮರುವಾರ ನೀನೇ ಅವನನ್ನು ಕರೆದುಕೊಂಡು ರಾಯಚೂರಿಗೆ ಬಂದಿ. ಯಾವಾಗಿನ ಹಾಗೆ ಚೀಟಿ ಮಾಡಿಸದೆ ಮೆಟ್ಟಿಲ ಮೇಲೆ ಕೂತು ನನಗೆ ಫೋನ್ ಮಾಡಿದಿ. ನಾನು ಎತ್ತಲಿಲ್ಲ. ಆ ಹೊತ್ತಿಗೆ ನಾನು ಬಡೇಬೀ ಅವರಿಗೆ ಸ್ನಾನ ಮಾಡಿಸುತ್ತಿದ್ದೆ, ಫೋನು ಚೀಲದಲ್ಲಿತ್ತು, ಕೇಳಿಸಲಿಲ್ಲ. ಕಾಲಿನ ಡಾಕ್ಟರು ಮಧ್ಯಾಹ್ನದ ತನಕ ಮಾತ್ರ ಇರುವವರು. ನೀವು ತೋರಿಸದೆ ಸಂಜೆ ಬಸ್ಸಿಗೆ ತಿರುಗಿ ಹೋದಿರಿ.

ಮುಂದಿನದನ್ನು ವಿನೋದ ಹೇಳಿದ. ಕಾಕಾ ಸಿಟ್ಟಿಗೆ ಬಿದ್ದು "ಸತ್ತರೂ ರಾಯಚೂರಿಗೆ ಹೋಗಂಗಿಲ್ಲ" ಅಂತ ಹುಣ್ಣಿಗೆ ಅರಿಶಿನ ಕಟ್ಟಿಕೊಂಡು ಕೂತನಂತೆ. ಹುಣ್ಣು ಕಪ್ಪಾದ ಮೇಲೆ ಬೇರೆ ಕಡೆ ಒಯ್ದಾಗ ಕಾಲಿನ ಎರಡು ಬೆರಳು ತೆಗೆದರಂತೆ. ಓಣಿಯಲ್ಲಿ ನಿನ್ನ ಎದುರಿಗೇ "ಹುಲಗೆಮ್ಮನ ಮಗಳು ದೊಡ್ಡಾಕಿ ಆಗ್ಯಾಳಪ್ಪ, ನಮ್ಮಂಥೋರಿಗೆ ಸಿಗಂಗಿಲ್ಲ" ಅಂದನಂತೆ. ನೀನು "ಆಕಿ ಅವತ್ತು ರಜಾದಾಗ ಇದ್ಲು" ಅಂದಿಯಂತೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ ನೀನು. ಯಾಕೆ ಎತ್ತಲಿಲ್ಲ ಅಂತ ಕೂಡ ಕೇಳಲಿಲ್ಲ.

ಇದೆಲ್ಲ ಈವತ್ತೇ ಬರೆಯಲು ಕಾರಣ ಮಂಜುಳಾ. ಕಾಕಾನ ಸೊಸೆ ಮಾನ್ವಿಯ ತವರಿನಲ್ಲಿ ಇದ್ದಾಳಲ್ಲ, ದಿನ ತುಂಬುತ್ತಾ ಬಂದಿವೆ ಅಂತ ವಿನೋದ ಹೇಳಿದ. ನೋವು ಕಾಣಿಸಿಕೊಂಡರೆ ಅಲ್ಲಿಂದಲೇ ಸೀದಾ ರಾಯಚೂರಿಗೆ, ನನ್ನ ಹತ್ತಿರವೇ ಕರೆದೊಯ್ಯಬೇಕು ಅಂತ ನೀನು ಅವಳ ತಾಯಿಗೆ ಹೇಳಿದ್ದೀಯಂತೆ. ಕಾಕಾನ ಮಾತಿಗೆ ಉತ್ತರ ಕೊಡಬೇಕು ಅಂತ ಹೇಳಿರಬೇಕು. ಅವ್ವಾ, ಅವಳಿಗೆ ರಕ್ತ ಕಡಿಮೆ ಅಂತೆ. ಅಂಥ ಹುಡುಗಿ ನೋವು ತಿನ್ನುತ್ತಾ ಮೆಟ್ಟಿಲ ಮೇಲೆ ಕೂತು ನನ್ನ ದಾರಿ ನೋಡಬಾರದು. ನಾನು ಒಳಗಿನಿಂದ ಬರುವುದಿಲ್ಲ. ನಾನು ಆ ಒಳಗೆ ಇಲ್ಲವೇ ಇಲ್ಲ.

ಈ ಕಾಗದ ಮುಟ್ಟಿದ ದಿನವೇ ಅವಳ ತಾಯಿಗೆ ಫೋನ್ ಮಾಡಿ ಹೇಳು. ಮೊದಲು ಮಾನ್ವಿಯ ಸರ್ಕಾರಿ ದವಾಖಾನೆಯಲ್ಲಿ ರಕ್ತ ತೋರಿಸಲಿ. ರಾಯಚೂರಿಗೇ ಬರಬೇಕಾದರೆ ಯಾರಿಗೂ ಕಾಯದೆ ಚೀಟಿ ಮಾಡಿಸಿಕೊಂಡು ಸೀದಾ ಒಳಗೆ ಹೋಗಲಿ. ಯಾಕೆ ಅಂತ ಕೇಳಿದರೆ ಖರೆ ಹೇಳು: ನನ್ನ ಮಗಳು ಆ ಕೆಲಸ ಬಿಟ್ಟಾಳ, ಈಗ ಮಂದಿ ಮನಿಗಿ ಹೋಗಿ ಮುದುಕಿಗೆ ಸೇವಾ ಮಾಡ್ತಾಳ. ನಿನಗೆ ಹೇಳಲು ಆಗದಿದ್ದರೆ ನನಗೆ ಮಿಸ್ ಕಾಲ್ ಕೊಡು, ನಾನೇ ಫೋನ್ ಮಾಡಿ ಹೇಳುತ್ತೇನೆ. ಕಾಕಾನಿಗೂ ನಾನೇ ಹೇಳುತ್ತೇನೆ. ಅವನು ಏನೇ ಅನ್ನಲಿ, ಕೇಳಿಸಿಕೊಳ್ಳುತ್ತೇನೆ.

ಬಡೇಬೀ ಮಧ್ಯಾಹ್ನದ ನಿದ್ದೆಯಿಂದ ಎದ್ದರು. "ಏನು ಬರಿಯಾಕತ್ತಿ ಅಷ್ಟು, ನನ್ನ ಚಾಡಿ ಏನ" ಅಂತ ಕೇಳುತ್ತಿದ್ದಾರೆ. ಹೊರಳಿಸಬೇಕು, ಏಳುತ್ತೇನೆ. ಕಲ್ಯಾಣಿಯ ತಲೆ ಮೇಲೆ ದೂರದಿಂದಲೇ ನಿನ್ನ ಕೈ ಇಡು. ಎಣ್ಣೆ ಹಚ್ಚಿ ಎರೆದ ಆ ಕೈಯ ಆಶೀರ್ವಾದಕ್ಕಿಂತ ದೊಡ್ಡದು ಅವಳಿಗೆ ನಾನು ಏನೂ ಕೇಳುವುದಿಲ್ಲ. ನನಗೂ ಒಂದಿಷ್ಟು ಉಳಿದರೆ ಕೊಡು.

ನಿನ್ನ ಮಗಳು,
ಮೌನೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದೀನಿ. ಅವತ್ತು ನಾ ಬಡೇಬೀಗೆ ಸ್ನಾನ ಮಾಡಸಾಕತ್ತಿದ್ದಿಲ್ಲ. ಅವರನ್ನ ತೋರಸಾಕ ಅದ ದವಾಖಾನಿಗೆ ಕರಕೊಂಡು ಬಂದಿದ್ವಿ. ಮತೀನ್ ಅವರು ಗಾಲಿ ಕುರ್ಚಿ ದಬ್ಬಾಕತ್ತಿದ್ರು, ನಾ ಬಾಜೂಕ ಮೂತ್ರದ ಚೀಲ ಕೈಯಾಗ ಹಿಡಕೊಂಡು ಬಗ್ಗಿ ನಡ್ಯಾಕತ್ತಿದ್ದೆ, ಅದನ್ನ ಕೆಳಗ ಹಿಡೀಬೇಕಾಗತದ. ಕೋಟು ಇರಲಿಲ್ಲ. ಮೆಟ್ಟಲ ಮ್ಯಾಲ ನೀ ಕಂಡಿ, ಕಿವಿಗೆ ಫೋನ್ ಹಿಡದಿದ್ದಿ. ನನ್ನ ಹೆಗಲ ಚೀಲದಾಗ ಫೋನ್ ಬಡಕೊಳ್ಳಾಕತ್ತು. ನಾ ಓಡಣಿ ಮುಖಕ್ಕ ಎಳಕೊಂಡೆ. ನೀ ಆ ಸಪ್ಪಳದ ಕಡೆ ತಿರುಗಿ ನೋಡಿದಿ ಯವ್ವಾ. ಮೊದಲು ನನ್ನ ಕೈ ನೋಡಿದಿ, ಆಮ್ಯಾಲ ಮುಖ ನೋಡಿದಿ. ಫೋನ್ ಕಟ್ ಮಾಡಿದಿ. ಎದ್ದು ಆದೆಪ್ಪ ಕಾಕಾನ ಮುಂದ ಅಡ್ಡ ನಿಂತಿ, ಅವಗ ನಾ ಕಾಣಬಾರದಂತ.

ಆವಾಗರ ಚೀಟಿ ಮಾಡಸಬಹುದಿತ್ತು ನೀ. ಡಾಕ್ಟರು ಇನ್ನೂ ಇದ್ರು. ಮಾಡಿಸಿದ್ರ ಮಗಳು ಎಲ್ಲಿ ಅಂತ ಕಾಕಾ ಕೇಳ್ತಾನಂತ ಸಂಜೀತನಕ ಕುಂತಿ. ಅವನ ಬೆರಳು ಹೋಗಿದ್ದು ನನ್ನೊಬ್ಬಾಕಿಯಿಂದ ಅಂತ ಇಷ್ಟು ದಿನ ಅನಕೊಂಡಿದ್ದೆ. ನನ್ನ ಮರ್ಯಾದಿ ಉಳಸಾಕ ಹೋಗಿ ನೀನೂ ಅದರಾಗ ಪಾಲು ತಗೊಂಡಿ. ಅದನ್ನ ನೆನಸಿದ್ರ ನನಗ ಕೂಸಿನ ಮುಖ ನೋಡಾಕ ಆಗವಲ್ದು.

ನಾವು ತೋರಿಸಿಕೊಂಡು ಹೊರಗ ಬಂದಾಗ ನೀ ಹಂಗ ನಿಂತಿದ್ದಿ, ನಮಗ ಬೆನ್ನು ಮಾಡಿ. ನಿನ್ನ ಸೆರಗು ತಾಗೂವಷ್ಟು ಹತ್ತರ ದಾಟಿ ಹೋದೆ. ನಾ ಕರೀಲಿಲ್ಲ, ನೀ ತಿರುಗಲಿಲ್ಲ. ಇನ್ನೊಮ್ಮಿ ಎಲ್ಲೇ ಕಂಡ್ರೂ, ನನ್ನ ಕೈಯಾಗ ಏನೇ ಇರ್ಲಿ, ಹೆಸರು ಹಿಡದು ಕರಿ ಯವ್ವಾ. ನಾಕು ಮಂದಿಗೆ ಕೇಳೂವಂಗ ಕರಿ.